ಯಲಹಂಕ ನಾಡಿನ ಮನೆವಾರ್ತೆಯೂ ಮಾಗಿಯ ಹಬ್ಬದಡಿಗೆಯೂ

೧

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿರುವ ಯಲಹಂಕ, ಹೆಬ್ಬಾಳ, ಯಶವಂತಪುರ ಮೊದಲಾದ ಊರುಗಳು ಇಂದು ಮಹಾನಗರದ ಅಂಗಗಳಾಗಿವೆ. ಆದರೆ ಇವುಗಳ ಪೂರ್ವವೃತ್ತಾಂತವು ನಗರದ ಕೋಟೆಗಿಂತ ಬಹಳ ಹಳೆಯದು. ಹೆಬ್ಬಾಳದಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಆಳ್ವಿಕೆಗೆ ಸೇರಿದುದು. ಅದರ ಕಾಲವನ್ನು ಕ್ರಿ.ಶ. ೭೫೦ರ ಸುಮಾರೆಂದು ವಿದ್ವಾಂಸರು ನಿರ್ಣಯಿಸಿರುತ್ತಾರೆ. ಅದರಲ್ಲಿ ಬರುವ ‘ಪೆರ್ಬೊೞಲ್ ನಾಡು’ ಎಂಬ ಹೆಸರಿನಲ್ಲಿ ಇಂದಿನ ಹೆಬ್ಬಾಳದ ಮೂಲರೂಪವು ಕಾಣುತ್ತದೆ. ‘ಪೆರ್’ ಎಂದರೆ ಹಿರಿದು, ‘ಪೊೞಲ್’ ಎಂದರೆ ಪಟ್ಟಣ. ಮೊದಲ ಪಕಾರವು ಹಕಾರವಾಗಿ, ರಳಗಳು ಸವೆದು ಈಗಿನ ರೂಪ ಉಂಟಾಯಿತು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಯಲಹಂಕದ ಸೀಮೆಯು ‘ಇಲೈಪಾಕ್ಕ ನಾಡು’ ಎಂದು ಕರೆಯಲ್ಪಟ್ಟಿದೆ. ವಿಜಯನಗರದ ಕಾಲದಲ್ಲಿ ಯಲಹಂಕ ನಾಡಪ್ರಭುಗಳ ವಂಶದವನಾದ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದನೆಂಬುದು ಪ್ರಸಿದ್ಧವಾದ ಸಂಗತಿ.

ಈ ಶಾಸನಗಳಿಂದ ಯಾರು ಆಳಿದರು, ಯಾರು ಕಾದಿ ಸತ್ತರು, ಯಾರು ಯಾರಿಗೆ ಎಷ್ಟು ಖಂಡುಗ ಗದ್ದೆಯನ್ನು ಬಿಟ್ಟರು ಎಂಬುದು ತಿಳಿದುಬರುತ್ತದೆ. ಒಕ್ಕಲ ಮನೆಯವರು ಮಾಗಿಯ ಕಾಲದಲ್ಲಿ ಏನನ್ನು ಅಟ್ಟು ಉಂಡರೆಂಬುದು ತಿಳಿಯದು. ಕನ್ನಡದಲ್ಲಿ ಪಾಕಶಾಸ್ತ್ರದ ಗ್ರಂಥಗಳಿಲ್ಲವೆಂದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡಿಗೆಯ ವಿಷಯ ಬಂದಿದೆ, ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದನು. ಆದರೆ ಅವು ಉಳ್ಳವರ ಅಡಿಗೆಮನೆಯನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದ ಗ್ರಂಥಗಳು. ಒಕ್ಕಲಗಿತ್ತಿಯು ಕೈಯಿಂದ ಕಲಿತು ಕೈಯಿಂದಲೇ ಮಗಳಿಗೂ ಸೊಸೆಗೂ ಕಲಿಸಿದುದು ಓಲೆಗೆ ಏರಲಿಲ್ಲ.

ಬೆಂಗಳೂರೆಂಬ ಹೆಸರಿನ ವಿಷಯವಾಗಿ ಹೇಳುವ ಐತಿಹ್ಯವೊಂದು ಇಲ್ಲಿ ಸ್ಮರಣೀಯವಾಗಿದೆ. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಬಂದಾಗ ಒಬ್ಬ ಮುದುಕಿಯು ಬೆಂದ ಕಾಳನ್ನು ಕೊಟ್ಟು ಅವನ ಹಸಿವನ್ನು ತೀರಿಸಿದಳೆಂದೂ, ಅದರಿಂದ ‘ಬೆಂದಕಾಳೂರು’ ಎಂಬ ಹೆಸರಾಯಿತೆಂದೂ ಆ ಕಥೆ. ಇದು ಶಬ್ದದ ಇತಿಹಾಸಕ್ಕೆ ಒಪ್ಪುವುದಿಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಕ್ರಿ.ಶ. ೯೦೦ರ ಸುಮಾರಿನ ಗಂಗರ ಕಾಲದ ವೀರಗಲ್ಲಿನಲ್ಲಿಯೇ ‘ಬೆಂಗಳೂರ ಕಾಳಗ’ದ ಉಲ್ಲೇಖವಿದೆ, ಬಲ್ಲಾಳನು ಪಟ್ಟಕ್ಕೆ ಬಂದುದು ೧೧೭೩ರಲ್ಲಿ. ಆದರೂ ಹೆಸರಿಗೆ ಸಲ್ಲದ ಈ ಕಥೆಯು ಊಟದ ಇತಿಹಾಸಕ್ಕೆ ಒಂದು ಮಟ್ಟಿಗೆ ಸಲ್ಲುತ್ತದೆ. ಅರಸನಿಗೆ ಈ ಸೀಮೆಯ ಬಡಮನೆಯಲ್ಲಿ ಕೊಡಲು ಏನಿತ್ತು ಎಂಬ ಪ್ರಶ್ನೆಗೆ ಜನರು ಅನ್ನವೆಂದಾಗಲಿ ಹಾಲೆಂದಾಗಲಿ ಉತ್ತರ ಹೇಳದೆ, ಬೆಂದ ಕಾಳೆಂದು ಹೇಳಿದರು.

ಬರಹದ ಆಧಾರವು ಹೀಗೆ ವಿರಳವಾಗಿರುವುದರಿಂದ ಹೊಲ, ಕಣ, ಒಲೆ ಈ ಮೂರನ್ನೂ ಆಧಾರಗಳಾಗಿ ಓದಬೇಕಾಗುತ್ತದೆ. ಹಾಗೆ ಓದಿದರೆ ಈ ನಾಡಿನ ಸಂಕ್ರಾಂತಿಯ ಅಡಿಗೆಯು ಕೇವಲ ಪಂಚಾಂಗದ ವಿಧಿಯಿಂದ ಹುಟ್ಟಿದುದಲ್ಲವೆಂದೂ, ರಾಗಿಯ ಹೊಲದ ಕ್ರಮವೇ ಅದರ ಬುಡವೆಂದೂ ವ್ಯಕ್ತವಾಗುತ್ತದೆ.

೨

ಕೆರೆಗಳ ಕೆಳಗಿನ ಅಚ್ಚುಕಟ್ಟನ್ನು ಬಿಟ್ಟರೆ ಈ ನಾಡಿನ ನೆಲವು ಬಹುಮಟ್ಟಿಗೆ ಕೆಂಪು ಮಣ್ಣಿನ ಬೆದ್ದಲು. ಹೆಬ್ಬಾಳ, ಯಲಹಂಕ, ಜಕ್ಕೂರು, ಅಲ್ಲಾಳಸಂದ್ರ ಮುಂತಾದ ಊರುಗಳ ಕೆರೆಗಳ ಕೆಳಗೆ ಬತ್ತ ಬೆಳೆಯುತ್ತಿದ್ದಿತು. ಮೇಲಣ ಹೊಲಗಳಲ್ಲಿ ರಾಗಿ. ಆದುದರಿಂದ ದಿನದ ಊಟ ರಾಗಿಯದಾಗಿಯೂ ಹಬ್ಬದ ಊಟ ಅಕ್ಕಿಯದಾಗಿಯೂ ಇದ್ದುದು ಸಹಜವೇ. ರಾಗಿಗೂ ಅಕ್ಕಿಗೂ ಇರುವ ಈ ಮೇಲು ಕೀಳಿನ ಭಾವನೆಯು ಹಳೆಯದು. ಕನಕದಾಸರ ‘ರಾಮಧಾನ್ಯಚರಿತೆ’ಯ ವಸ್ತುವೇ ಈ ಎರಡು ಧಾನ್ಯಗಳ ವಾದವಲ್ಲವೇ?

ರಾಗಿಯ ಹೊಲವು ಒಂದೇ ಬೆಳೆಯ ಹೊಲವಾಗಿರಲಿಲ್ಲ. ಆರೆಂಟು ಸಾಲು ರಾಗಿಗೆ ಒಂದು ‘ಅಕ್ಕಡಿ’ ಸಾಲು. ಅಕ್ಕಡಿಯಲ್ಲಿ ಅವರೆ, ತೊಗರಿ, ಜೋಳ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಂಚಿನಲ್ಲಿ ಹರಳು. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬೆಂಗಳೂರಿನ ಸುತ್ತಣ ಬೇಸಾಯವನ್ನು ವಿವರವಾಗಿ ಬಣ್ಣಿಸಿರುತ್ತಾನೆ. ಕೂರಿಗೆಯಿಂದ ರಾಗಿಯನ್ನು ಬಿತ್ತುವುದು, ಅದರ ಹಿಂದೆ ಸಡ್ಡೆಯಿಂದ ಅವರೆಯನ್ನೋ ತೊಗರಿಯನ್ನೋ ಬೇರೆ ಸಾಲಿನಲ್ಲಿ ಇಳಿಬಿಡುವುದು, ಮೇಲೆ ಕುಂಟೆ ಹೊಡೆಯುವುದು ಇವೆಲ್ಲವೂ ಅದರಲ್ಲಿ ಬಂದಿವೆ. ಇಪ್ಪತ್ತನೆಯ ಶತಮಾನದಲ್ಲಿಯೂ ಇದೇ ಕ್ರಮ ನಡೆದುಬಂದಿತು.

ಈ ಕ್ರಮದಲ್ಲಿ ಎರಡು ಪ್ರಯೋಜನಗಳಿದ್ದುವು. ಮಳೆ ಒಂದು ಬೆಳೆಗೆ ಕೈಕೊಟ್ಟರೆ ಮತ್ತೊಂದಾದರೂ ದಕ್ಕುವುದು. ಅದಕ್ಕಿಂತ ಮುಖ್ಯವಾದುದು ಕಾಲದ ಹಂಚಿಕೆ. ಆಷಾಢದ ಸುಮಾರಿಗೆ ಒಟ್ಟಿಗೆ ಬಿತ್ತಿದ ರಾಗಿಯೂ ಅವರೆಯೂ ಒಟ್ಟಿಗೆ ಮಾಗುವುದಿಲ್ಲ. ನವೆಂಬರಿನ ಹೊತ್ತಿಗೆ ರಾಗಿ ಕೊಯ್ಲಾದಮೇಲೆ ಹೊಲದಲ್ಲಿ ಅವರೆಯ ಸಾಲು ಮಾತ್ರ ನಿಲ್ಲುವುದು. ಮೇಲಿನ ನೆರಳು ಹೋಗಿ, ನೆಲದಲ್ಲಿ ಉಳಿದ ತೇವವೂ ಬೆಳಗಿನ ಇಬ್ಬನಿಯೂ ಸೇರಿ, ಆಗ ಅದು ಹಬ್ಬಿ ಹೂವೇರುವುದು.

ಅವರೆಯು ಆ ಕಾಲದಲ್ಲಿಯೇ ಹೂವಾಗುವುದಕ್ಕೆ ಸಸ್ಯಶಾಸ್ತ್ರವು ಹೇಳುವ ಕಾರಣವಿದೆ. ನಾಟಿ ಅವರೆಯು ಹಗಲು ಕುಗ್ಗಿದ ಹೊರತು ಹೂವು ಬಿಡದ ಜಾತಿಯ ಗಿಡ. ಭೂಮಧ್ಯರೇಖೆಯಿಂದ ಹದಿಮೂರು ಡಿಗ್ರಿ ಉತ್ತರಕ್ಕಿರುವ ಬೆಂಗಳೂರಿನಲ್ಲಿ ಬೇಸಿಗೆಯ ಅತಿ ದೀರ್ಘ ಹಗಲಿಗೂ ಡಿಸೆಂಬರಿನ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟು ಅಲ್ಪವಾದ ವ್ಯತ್ಯಾಸವನ್ನೂ ಈ ಗಿಡವು ಅರಿಯುತ್ತದೆ. ಜುಲೈಯಲ್ಲಿ ಬಿತ್ತಿದರೂ ಸೆಪ್ಟೆಂಬರಿನಲ್ಲಿ ಬಿತ್ತಿದರೂ ಹೂವಾಗುವುದು ಹಗಲು ಕುಗ್ಗಿದಾಗಲೇ. ಡಿಸೆಂಬರ್ ಜನವರಿಗಳಲ್ಲಿ ಕಾಯಿ ತುಂಬುವುದು. ಕಾಯಿಯ ಹೊರಮೈಯಲ್ಲಿ ಅಂಟಂಟಾದ ಎಣ್ಣೆಯಂಶವಿದ್ದು, ಅದರಿಂದ ಬರುವ ವಾಸನೆಯನ್ನು ಒಕ್ಕಲುಮಕ್ಕಳು ‘ಸೊಗಡು’ ಎನ್ನುತ್ತಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ಅವರ ಅನುಭವ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಈ ನಾಡಿನಲ್ಲಿ ಮಾಗಿಯ ಚಳಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತಿ ಕಡಮೆ ಉಷ್ಣತೆಯಾದ ೭.೮ ಡಿಗ್ರಿ ಸೆಲ್ಸಿಯಸ್ ಕಂಡುಬಂದುದು ೧೮೮೪ರ ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸಿನಲ್ಲಿಯೇ.

೩

ಕೊಯ್ದ ರಾಗಿಯನ್ನು ಒಡನೆಯೇ ಬಡಿಯುತ್ತಿರಲಿಲ್ಲ. ತೆನೆಸಹಿತವಾದ ಹುಲ್ಲನ್ನು ಮೆದೆ ಒಟ್ಟಿ, ಆಕಾಶ ತಿಳಿಯಾಗುವವರೆಗೂ ಕಾಯುತ್ತಿದ್ದರು. ಅನಂತರ ಊರ ಹೊರಗೆ ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ತುಳಿದು ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ ಕಣ ಮಾಡುವರು. ನಡುವೆ ಮೇಟಿ ನೆಟ್ಟು, ಸುತ್ತಲೂ ತೆನೆಯನ್ನು ಹರಡಿ, ಎತ್ತುಗಳಿಗೆ ರೋಣಗಲ್ಲನ್ನು ಕಟ್ಟಿ ತಿರುಗಿಸುವರು. ಗಾಳಿ ಬಂದಾಗ ಮೊರದಲ್ಲಿ ತೂರಿ, ರಾಶಿಮಾಡಿ, ರಾಶಿಯ ಮೇಲೆ ಸಗಣಿಯ ಬೆನವನಿಗೆ ಗರಿಕೆ ಸಿಕ್ಕಿಸಿ ಪೂಜಿಸಿದಮೇಲೆ ಅಳತೆ. ಕೊಳಗದಿಂದ ಅಳೆಯುವಾಗ ಮೊದಲನೆಯದನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದು ವಾಡಿಕೆ.

ರಾಶಿಯೆಲ್ಲವೂ ಮನೆಗೆ ಬರುತ್ತಿರಲಿಲ್ಲ. ದೇವರಿಗೆ, ದಾನಕ್ಕೆ, ಕುಂಬಾರ, ಅಗಸ, ನಾಯಿಂದ, ಬಡಗಿ ಕಮ್ಮಾರರಿಗೆ, ಅಳೆಯುವವನಿಗೆ, ಶಾನುಭೋಗನಿಗೆ ಪಾಲುಗಳು ಕಣದಲ್ಲಿಯೇ ಎತ್ತಲ್ಪಡುತ್ತಿದ್ದುವು. ಬುಕಾನನ್ನನು ಮೈಸೂರು ಸೀಮೆಯ ಈ ಹಂಚಿಕೆಯನ್ನೂ ಬರೆದಿಟ್ಟಿರುತ್ತಾನೆ. ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಮಾಗಿಯ ಹಬ್ಬವು ಹೊಲವುಳ್ಳವರ ಮನೆಯಲ್ಲಿ ಮಾತ್ರ ನಡೆದುದಲ್ಲ. ಹೊಲವಿಲ್ಲದ ಕಸಬುದಾರನ ಒಲೆಗೂ ಆ ತಿಂಗಳಲ್ಲಿಯೇ ಕಾಳು ಬರುತ್ತಿದ್ದಿತು. ಆದರೆ ಪಾಲಿನ ಪ್ರಮಾಣವು ಹುಟ್ಟಿನಿಂದ ಗೊತ್ತಾಗಿರುತ್ತಿದ್ದಿತೆಂಬುದನ್ನೂ, ಕಣದ ಕೆಲಸವನ್ನೆಲ್ಲ ಮಾಡಿದ ಜೀತದಾಳಿಗೆ ಕಡೆಯ ಪಾಲು ಬರುತ್ತಿದ್ದಿತೆಂಬುದನ್ನೂ ಮರೆಯಬಾರದು. ಹಳೆಯ ಹಬ್ಬದ ಸಮೃದ್ಧಿಯನ್ನು ಹೊಗಳುವವರು ಈ ತಾರತಮ್ಯವನ್ನು ಬಿಟ್ಟುಬಿಡುವುದು ಇತಿಹಾಸಕ್ಕೆ ಒಪ್ಪುವುದಲ್ಲ.

ಉಳಿದ ರಾಗಿಯು ಮನೆಯ ವಾಡೆ ಕಣಜಗಳಿಗೂ ನೆಲದೊಳಗಿನ ಹಗೇವಿಗೂ ಸೇರುವುದು. ಹಗೇವೆಂಬುದು ಕಿರಿದಾದ ಬಾಯಿಯುಳ್ಳ ಆಳವಾದ ಗುಣಿ. ಒಳಗೆ ಹುಲ್ಲನ್ನು ಒತ್ತಿ, ಧಾನ್ಯ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣಿನಿಂದ ಮೆತ್ತುವರು. ರಾಗಿಗೆ ಹುಳುವಿನ ಬಾಧೆ ಬಹು ಕಡಮೆಯಾದುದರಿಂದ ಹಗೇವಿನಲ್ಲಿ ಅದು ಅನೇಕ ವರ್ಷಗಳು ಕೆಡದೆ ನಿಲ್ಲುವುದು. ೧೮೭೬ರಿಂದ ೧೮೭೮ರವರೆಗೆ ನಡೆದ ಮಹಾಕ್ಷಾಮದಲ್ಲಿ ಈ ಸಂಗ್ರಹಗಳೂ ಬರಿದಾದುವು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಮಾಗಿಯಲ್ಲಿ ಹಗೇವು ತುಂಬಿತೋ ಇಲ್ಲವೋ ಎಂಬುದು ಒಕ್ಕಲ ಮನೆಗೆ ಜೀವನ್ಮರಣದ ಪ್ರಶ್ನೆಯಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಹಬ್ಬದ ದಿನದ ಹೊಟ್ಟೆತುಂಬ ಊಟದ ಹಿಂದೆ ಈ ಭಯವು ಅಡಗಿದ್ದಿತು.

೪

ಧನುರ್ಮಾಸದಲ್ಲಿ, ಎಂದರೆ ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗೆ, ಸೂರ್ಯೋದಯಕ್ಕೆ ಮುಂಚೆ ಅಕ್ಕಿ ಹೆಸರುಬೇಳೆಗಳ ಹುಗ್ಗಿಯನ್ನು ನೈವೇದ್ಯ ಮಾಡುವುದು ದೇವಾಲಯಗಳ ಪದ್ಧತಿ. ಒಕ್ಕಲ ಮನೆಗಳಲ್ಲಿ ಅದೇ ತಿಂಗಳು ಅವರೆಯ ತಿಂಗಳಾಗಿರುತ್ತಿದ್ದಿತು. ಮುಂಜಾನೆ ಇಬ್ಬನಿಯಲ್ಲಿಯೇ ಕಾಯಿ ಕಿತ್ತು ತಂದು ಜಗಲಿಯ ಮೇಲೆ ಸುರಿದರೆ ಮಕ್ಕಳು ಮುದುಕರಾದಿಯಾಗಿ ಎಲ್ಲರೂ ಸುಲಿಯಲು ಕೂರುವರು. ಕಾಳು ಸಾರಿಗೂ ಉಪ್ಪಿಟ್ಟಿಗೂ ರೊಟ್ಟಿಗೂ ಹುಗ್ಗಿಗೂ ಸಲ್ಲುವುದು, ಸಿಪ್ಪೆಯೆಲ್ಲ ದನಗಳಿಗೆ.

ಇವುಗಳಲ್ಲಿ ಅತ್ಯಂತ ಶ್ರಮಸಾಧ್ಯವಾದುದು ಹಿದುಕಿದ ಬೇಳೆ. ಸುಲಿದ ಕಾಳನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಒಂದೊಂದನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿದುಕಿದರೆ ಸಿಪ್ಪೆ ಬೆರಳಿನಲ್ಲಿ ಉಳಿದು ಬೇಳೆ ಪಾತ್ರೆಗೆ ಚಿಮ್ಮುವುದು. ಈ ಕ್ರಿಯೆಯಿಂದಲೇ ಅದಕ್ಕೆ ಆ ಹೆಸರು. ಮೊರದ ತುಂಬ ಕಾಯಿ ಸುಲಿದರೂ ಕಡೆಗೆ ದೊರೆಯುವ ಬೇಳೆ ಅಲ್ಪ. ದೊಡ್ಡ ಸಂಸಾರಕ್ಕೆ ಒಂದು ಹೊತ್ತಿನ ಸಾರಾಗಬೇಕಾದರೆ ಇಬ್ಬರು ಮೂವರು ಹೆಂಗಸರು ಬೆಳಗಿನ ಹೊತ್ತನ್ನೆಲ್ಲ ಅದಕ್ಕೆ ಮುಡಿಪಾಗಿಡಬೇಕಾಗುತ್ತಿದ್ದಿತು. ಕೊತ್ತಂಬರಿ, ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಚೆಕ್ಕೆ, ಲವಂಗಗಳನ್ನು ಹುರಿದು, ತೆಂಗಿನಕಾಯಿಯೊಡನೆ ಒರಳಿನಲ್ಲಿ ನುಣ್ಣಗೆ ರುಬ್ಬಿ, ಬೇಳೆ ಕರಗದಂತೆ ಹದವಾದ ಉರಿಯಲ್ಲಿ ಬೇಯಿಸಿ, ಬಿಸಿ ಹಿಟ್ಟಿನೊಡನೆ ಬಡಿಸುವರು. ಈ ಸೀಮೆಯಲ್ಲಿ ‘ಹಿಟ್ಟು’ ಎಂದರೆ ರಾಗಿಯ ಮುದ್ದೆಯೇ. ಇಂತು ಒಂದೇ ಹೊಲದಲ್ಲಿ ಅಕ್ಕಪಕ್ಕದ ಸಾಲುಗಳಾಗಿ ಬೆಳೆದ ರಾಗಿಯೂ ಅವರೆಯೂ ಒಂದೇ ತಣಿಗೆಯಲ್ಲಿ ಸೇರುತ್ತಿದ್ದುವು.

ಸಂಕ್ರಾಂತಿಯ ದಿನ ಅಚ್ಚುಕಟ್ಟಿನ ಹೊಸ ಅಕ್ಕಿಯಿಂದ ಸಿಹಿಹುಗ್ಗಿ, ಖಾರದ ಹುಗ್ಗಿ, ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿ, ಕಬ್ಬು, ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿಬೀಜ ಬೆರಸಿದ ಎಳ್ಳುಬೀರುವ ಸಾಮಗ್ರಿ. ದನಗಳನ್ನು ಕೆರೆಯಲ್ಲಿ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಗ್ಗಿ ತಿನ್ನಿಸಿ, ಸಂಜೆ ಕಿಚ್ಚು ಹಾಯಿಸುವರು. ದೇವನಹಳ್ಳಿ ದೊಡ್ಡಬಳ್ಳಾಪುರಗಳ ಕಡೆಯ ಹಳ್ಳಿಗಳಲ್ಲಿ ಊರ ಹೊರಗೆ ಕಾಟಮರಾಯನೆಂಬ ದನಗಳ ದೇವರ ಪೂಜೆಯೂ ಅಂದೇ ನಡೆಯುತ್ತದೆ; ತೆಲುಗು ಗೊಲ್ಲರ ವೀರಕಥೆಯ ಕಾಟಮರಾಜನ ಹೆಸರಿಗೆ ಇದು ಹತ್ತಿರವಾಗಿರುವುದು ಗಮನಾರ್ಹ.

ಈ ಹಬ್ಬದ ತಣಿಗೆಯಲ್ಲಿ ಒಂದರ ಮೇಲೊಂದು ಕಾಲಗಳು ಪದರಗಟ್ಟಿವೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಅವರೆಯ ಕಾಡುಜಾತಿಗಳೂ ಆಫ್ರಿಕಾದಲ್ಲಿಯೇ ಬೆಳೆಯುತ್ತವೆ. ಆದರೆ ಅವರೆಯು ಕರ್ನಾಟಕಕ್ಕೆ ಬಂದುದು ಇತಿಹಾಸಪೂರ್ವ ಕಾಲದಲ್ಲಿ. ಹಳ್ಳೂರು, ಸಂಗನಕಲ್ಲುಗಳ ಉತ್ಖನನಗಳಲ್ಲಿ ಅದರ ಕರಿಕಾದ ಕಾಳುಗಳು ದೊರೆತಿವೆ. ಕಡಲೆಕಾಯಿ, ಸಿಹಿಗೆಣಸು, ಮೆಣಸಿನಕಾಯಿ ಇವು ಅಮೆರಿಕಾ ಖಂಡದವು. ಪೋರ್ಚುಗೀಸರು ಬಂದಮೇಲೆ ಈ ದೇಶಕ್ಕೆ ಬಂದುವು. ಕೆಂಪೇಗೌಡನು ಕೋಟೆ ಕಟ್ಟಿಸಿದ ಕಾಲದಲ್ಲಿ ಯಲಹಂಕದ ಒಲೆಗಳಿಗೆ ಇವು ಇನ್ನೂ ತಲುಪಿರಲಾರವು. ಇದಕ್ಕೆ ಅಡಿಗೆಯಲ್ಲಿಯೇ ಒಂದು ಕುರುಹು ಉಳಿದಿದೆ. ಸಾರಿಗೆ ಮೆಣಸಿನಕಾಯಿ ಬಂದು ನೆಲೆಸಿದರೂ, ದೇವರ ಮುಂದಿಡುವ ಖಾರದ ಹುಗ್ಗಿಗೆ ಇಂದಿಗೂ ಸಲ್ಲುವುದು ಕರಿಮೆಣಸು. ನೈವೇದ್ಯವು ಹಳೆಯ ರುಚಿಯನ್ನು ಕಾಪಾಡಿತು. ಊಟವು ಹೊಸತನ್ನು ಒಪ್ಪಿಕೊಂಡಿತು. ಆದರೆ ಇದನ್ನು ನಿಯಮವೆಂದು ಹೇಳಲಾಗದು; ಎಳ್ಳುಬೀರುವ ತಟ್ಟೆಯೊಳಕ್ಕೆ ಕಡಲೆಕಾಯಿಬೀಜವು ಬಂದು ಸೇರಿದೆಯಷ್ಟೆ.

೫

ಸಂಕ್ರಾಂತಿಯ ದಿನವು ಶಾಸನಗಳಲ್ಲಿ ಅಪರಿಚಿತವಲ್ಲ. ಉತ್ತರಾಯಣ ಸಂಕ್ರಮಣದ ಪುಣ್ಯಕಾಲದಲ್ಲಿ ದೇವಾಲಯಗಳಿಗೂ ಬ್ರಾಹ್ಮಣರಿಗೂ ಭೂದಾನ ಮಾಡಿದ ಉಲ್ಲೇಖಗಳು ಕರ್ನಾಟಕದಲ್ಲೆಲ್ಲ ಹೇರಳವಾಗಿವೆ. ಅಲ್ಲಿ ಅದು ಆಕಾಶವನ್ನು ನೋಡಿ ನಿಶ್ಚಯಿಸಿದ ದಿನ. ಒಕ್ಕಲ ಮನೆಯಲ್ಲಿ ನೆಲವನ್ನು ನೋಡಿ ಆಚರಿಸಿದ ದಿನ. ಈ ಎರಡು ಲೆಕ್ಕಗಳೂ ಯಾವಾಗಲೂ ಹೊಂದಿಕೊಂಡಿರಬೇಕೆಂಬ ನಿಯಮವಿಲ್ಲ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ ೨೧ ಅಥವಾ ೨೨ರಂದು. ಅಯನಚಲನದಿಂದ ನಿರಯನ ಪಂಚಾಂಗದ ಸಂಕ್ರಾಂತಿಯು ಸುಮಾರು ೭೨ ವರ್ಷಗಳಿಗೆ ಒಂದು ದಿನದಂತೆ ಹಿಂದೆ ಬಿದ್ದು, ಈಗ ಜನವರಿ ೧೪ ಅಥವಾ ೧೫ಕ್ಕೆ ಬಂದಿದೆ. ನಿಜವಾದ ಅಯನವೂ ಸಂಕ್ರಾಂತಿಯೂ ಒಂದೇ ದಿನ ಬೀಳುತ್ತಿದ್ದುದು ಕ್ರಿಸ್ತಶಕ ಮೂರನೆಯ ಶತಮಾನದ ಕೊನೆಯ ಸುಮಾರಿಗೆ.

ಇದರ ಪರಿಣಾಮವು ವಿಚಿತ್ರವಾಗಿದೆ. ಸೂರ್ಯನಿಂದ ದೂರ ಸರಿದ ಹಬ್ಬವು ಹೊಲಕ್ಕೆ ಸಮೀಪವಾಯಿತು. ರಾಗಿಯ ಕಣವು ಮುಗಿಯುವುದೂ ಅವರೆ ಕಾಯಿ ಬಲಿತು ಸೊಗಡೇರುವುದೂ ಜನವರಿಯ ನಡುವಿನಲ್ಲಿ. ಡಿಸೆಂಬರಿನ ಮೂರನೆಯ ವಾರದಲ್ಲಿಯಾದರೋ ಕಣದ ಕೆಲಸ ಇನ್ನೂ ಮುಗಿದಿರದು. ಆದುದರಿಂದ ಈಗ ಪುರಾತನವೆಂದು ತೋರುವ ಈ ಹೊಂದಿಕೆಯು ಮಧ್ಯಕಾಲದಿಂದೀಚೆಗೆ ಕ್ರಮಕ್ರಮವಾಗಿ ಕೂಡಿಬಂದುದೆಂದು ಊಹಿಸುವುದಕ್ಕೆ ಅವಕಾಶವಿದೆ.

೬

ಈ ಹೊಂದಿಕೆಯು ಸಡಿಲವಾದುದು ಯಲಹಂಕ ನಾಡಿನಲ್ಲಿಯೇ. ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದಾಗ ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ಬೇಸಾಯದ ಪ್ರಯೋಗಕ್ಷೇತ್ರಕ್ಕಾಗಿ ಕೊಟ್ಟರು. ಅಡಾಲ್ಫ್ ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅದರ ಮೊದಲ ಮುಖ್ಯಸ್ಥರಾದರು. ಅನಂತರ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, ೧೯೧೩ರಲ್ಲಿ, ಅಲ್ಲಿ ವ್ಯವಸಾಯದ ಶಾಲೆಯೂ, ೧೯೪೬ರಲ್ಲಿ ಕಾಲೇಜೂ ಪ್ರಾರಂಭವಾದುವು. ೧೯೬೪ರಲ್ಲಿ ಇವುಗಳ ಮೇಲೆ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಆ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಗಲಿನ ಅಳತೆಗೆ ಕಟ್ಟುಬೀಳದೆ ಯಾವ ಋತುವಿನಲ್ಲಾದರೂ ಹೂವಾಗುವ ಅವರೆಯ ತಳಿಗಳನ್ನು ನಿರ್ಮಿಸಿದರು. ಅವುಗಳಿಗೆ ‘ಹೆಬ್ಬಾಳ ಅವರೆ’ ಎಂದೇ ಹೆಸರು. ಇವು ಹಬ್ಬಿ ಹರಡದ ಗಿಡಗಳಾದುದರಿಂದ ಒಂದೇ ಬೆಳೆಯಾಗಿಯೂ ಬೆಳೆಯಬಹುದು. ರೈತನಿಗೆ ವರ್ಷವೆಲ್ಲ ಹಣ ಬರುವುದು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರೆಯು ಮಾಗಿಯ ಗಿಡವಾಗಿದ್ದುದು ಅಲ್ಲಿಗೆ ಮುಗಿಯಿತು. ಸೊಗಡಿನ ವಿಷಯದಲ್ಲಿ ಕೊಳ್ಳುವವರು ಇಂದಿಗೂ ನಾಟಿ ಅವರೆಯನ್ನೇ ಮೇಲೆಂದು ಹೇಳುತ್ತಾರೆ.

ಎರಡನೆಯ ಕಾರಣವು ನೆಲದ್ದು. ಯಲಹಂಕದಲ್ಲಿ ೧೯೮೪ರಲ್ಲಿ ರೈಲ್ವೆ ಗಾಲಿಯ ಕಾರ್ಖಾನೆಯು ಆರಂಭವಾಯಿತು. ೨೦೦೭ರಲ್ಲಿ ಯಲಹಂಕ ನಗರಸಭೆಯು ಬೆಂಗಳೂರಿನ ಮಹಾನಗರಪಾಲಿಕೆಯಲ್ಲಿ ಲೀನವಾಯಿತು. ಮರುವರ್ಷ ದೇವನಹಳ್ಳಿಯ ಬಳಿ ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ವಿಮಾನನಿಲ್ದಾಣವು ತೆರೆಯಿತು. ಮಠದಹಳ್ಳಿಯ ಹೊಲಗಳಿದ್ದ ಕಡೆ ರವೀಂದ್ರನಾಥ ಠಾಕೂರರ ಹೆಸರಿನ ನಗರವೆದ್ದಿತು. ಈಗ ಮಾಗಿಯಲ್ಲಿ ಮಾಗಡಿ, ಕೋಲಾರ, ಚಿಂತಾಮಣಿಗಳ ಕಡೆಯಿಂದ ಅವರೆಕಾಯಿಯು ನಗರದ ಮಾರುಕಟ್ಟೆಗಳಿಗೆ ಮೂಟೆಮೂಟೆಯಾಗಿ ಬರುತ್ತದೆ. ಹಿದುಕಿದ ಬೇಳೆಯೂ ಸಿದ್ಧವಾಗಿಯೇ ಮಾರಾಟಕ್ಕೆ ಸಿಕ್ಕುತ್ತದೆ. ಈ ಶತಮಾನದಲ್ಲಿ ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿ ಪ್ರಸಿದ್ಧಿಗೆ ಬಂದ ಅವರೆಬೇಳೆ ಮೇಳದಲ್ಲಿ ದೋಸೆ, ಜಿಲೇಬಿಗಳಿಗೂ ಆ ಬೇಳೆ ಸೇರಿತು.

ಇದರಿಂದ ಅಡಿಗೆಯು ನಾಶವಾಯಿತೆಂದು ಹೇಳಲಾಗದು. ಮನೆಯ ಕೆಲಸವೇ ಕಸಬಾಗಿ ಬೀದಿಗೆ ಬಂದಿದೆ. ಬೆಳಗಿನ ಹೊತ್ತೆಲ್ಲ ಹಿದುಕುತ್ತಿದ್ದ ಮನೆಯ ಹೆಂಗಸಿಗೆ ಬಿಡುವು ದೊರೆತಿದೆ. ಮಾರುವವಳಿಗೆ ಅಷ್ಟಿಷ್ಟು ಕೂಲಿ ದೊರೆತಿದೆ. ಹಿಂದೆ ಯಾವ ಶಾಸನವೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಆ ಶ್ರಮಕ್ಕೆ ಈಗ ಒಂದು ಬೆಲೆ ಬಂದಿರುವುದು ಅಲ್ಪ ವಿಷಯವಲ್ಲ. ಕಳೆದುಹೋದುದು ಹೊಲಕ್ಕೂ ಒಲೆಗೂ ಇದ್ದ ಸಂಬಂಧ. ಅಕ್ಕಡಿಯನ್ನು ಕಾಣದವರಿಗೆ ರಾಗಿಯ ಹಿಟ್ಟಿಗೂ ಅವರೆಯ ಸಾರಿಗೂ ಇರುವ ನಂಟು ಬರಿಯ ನಾಲಗೆಯ ರೂಢಿಯಾಗಿ ತೋರುವುದು. ಅದರ ಕಾರಣ ತಿಳಿಯದು.

ಆದುದರಿಂದ ಈ ನಾಡಿನ ಇತಿಹಾಸವನ್ನು ಬರೆಯುವವರಿಗೆ ಒಂದು ತುರ್ತಾದ ಕೆಲಸವಿದೆ. ಕಲ್ಲಿನ ಶಾಸನಗಳು ಕೆಲಕಾಲ ಕಾದಿರಬಲ್ಲವು. ಹೆಬ್ಬಾಳದ ವೀರಗಲ್ಲು ಹನ್ನೆರಡೂವರೆ ಶತಮಾನಗಳಿಗೂ ಹೆಚ್ಚು ಕಾಲ ಕಾದಿದ್ದಿತು. ಅಕ್ಕಡಿ, ಸಡ್ಡೆ, ಮೇಟಿ, ಬೆನವ, ಹಗೇವು ಮೊದಲಾದ ಮಾತುಗಳು, ಅವುಗಳನ್ನು ಆಡುತ್ತಿದ್ದವರೊಡನೆಯೇ ಹೋಗುವಂಥವು. ಯಾವ ಊರಿನಲ್ಲಿ ಯಾವ ಮನೆತನದವರು ಮಾಗಿಯಲ್ಲಿ ಏನನ್ನು ಅಟ್ಟರು, ಯಾರು ಸುಲಿದರು, ಯಾರು ಹಿದುಕಿದರು, ಯಾರು ಮೊದಲು ಉಂಡರು, ಯಾರಿಗೆ ಕಡೆಯಲ್ಲಿ ಸಿಕ್ಕಿತು ಎಂಬುದನ್ನು ಊರೂರಿನ ವಯಸ್ಸಾದ ಹೆಂಗಸರಿಂದ ಕೇಳಿ ಬರೆದಿಡಬೇಕು. ರೈಸರು ೧೯೦೫ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿ ಕಲ್ಲುಗಳ ಮ���ತನ್ನು ಉಳಿಸಿದರು. ಒಲೆಯ ಮುಂದೆ ಕುಳಿತವರ ಮಾತಿಗೆ ಅಂಥ ಸಂಪುಟವೊಂದು ಇನ್ನೂ ಆಗಬೇಕಾಗಿದೆ.